ಬಿಳಿಕುದುರೆ ಎಂಬ ಕಮಾಂಡ್

ನರೀನ್ ಊರಿನ ಜಲಮಾಪನ ಕಚೇರಿಯಲ್ಲಿ ಈಗ ಎಲ್ಲವೂ ಬಣ್ಣಬಣ್ಣ. ಗೋಡೆಯಗಲದ ಪರದೆಯ ಮೇಲೆ ನದಿಗಳು ನೀಲಿ ಗೆರೆಗಳಾಗಿ ಹರಿಯುತ್ತವೆ, ನೀರಳೆಯುವ ಪೋಸ್ಟುಗಳು ಹಸಿರು ಚುಕ್ಕಿಗಳಾಗಿ ಮಿನುಗುತ್ತವೆ, ಬೆರಳಿಟ್ಟರೆ ಸಾಕು ನೀರಿನ ಮಟ್ಟ ಹಾಜರು. ನೋಡಲು ಬಂದವರೆಲ್ಲ ಭೇಷ್ ಎನ್ನುತ್ತಾರೆ. ಬುರುಲ್ ಕೂಡ ಅನ್ನುತ್ತಾಳೆ, ಬಾಯಿಮಾತಿಗೆ. ಆದರೆ ಕಚೇರಿ ಊಟಕ್ಕೆಂದು ಖಾಲಿಯಾದಾಗ ಅವಳು ಮೂಲೆಯ ಹಳೆಯ ಕಂಪ್ಯೂಟರನ್ನು ಹಾಕಿ, ಒಂದು ಕಪ್ಪು ಪರದೆ ತೆರೆದು, ಅದರಲ್ಲಿ ಮಿಣುಕುವ ಬಿಳಿ ಕರ್ಸರನ್ನು ಸುಮ್ಮನೆ ನೋಡುತ್ತ ಕೂರುವುದುಂಟು. ಅವಳು ಬರೆದ ಮೊದಲ ಪ್ರೋಗ್ರಾಂ ಇದ್ದದ್ದು ಅಲ್ಲಿ. ಅದಕ್ಕೆ ನಕ್ಷೆ ಇರಲಿಲ್ಲ, ಬಣ್ಣ ಇರಲಿಲ್ಲ, ಒತ್ತಲು ಒಂದು ಗುಂಡಿಯೂ ಇರಲಿಲ್ಲ. ಹೆಸರು ‘ಸೂ’, ಎಂದರೆ ನೀರು. ‘ಸೂ’ ಎಂದು ಟೈಪಿಸಿ, ಪಕ್ಕದಲ್ಲಿ ಪೋಸ್ಟಿನ ಹೆಸರು ಟೈಪಿಸಿದರೆ ಅದು ಪ್ರಶ್ನೆ ಕೇಳುತ್ತಿತ್ತು, ನೀವು ಉತ್ತರ ಕೊಡಬೇಕಿತ್ತು. ಅದರ ಸಂಸಾರ ಅಷ್ಟೇ.

ಅದನ್ನು ಬರೆದ ಚಳಿಗಾಲದಲ್ಲಿ ಬುರುಲ್ ಹೊಸ ಸೊಸೆ. ತಲಾಸ್ ಕಡೆಯ ಹುಡುಗಿ, ರಾಜಧಾನಿ ಬಿಶ್ಕೆಕ್‌ನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತವಳು, ಮೆದೆರ್‌ನನ್ನು ಮೆಚ್ಚಿ ಮದುವೆಯಾಗಿ ನರೀನ್‌ಗೆ ಬಂದಿದ್ದಳು. ಮೆದೆರ್ ಬುಲ್ಡೋಜರ್ ಓಡಿಸುವವನು. ಹಿಮ ಬಿತ್ತೆಂದರೆ ದೊಲೊನ್ ಕಣಿವೆಯ ದಾರಿ ತೆರವು ಮಾಡುತ್ತ ವಾರಗಟ್ಟಲೆ ಅಲ್ಲೇ ಅವನ ವಾಸ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಕುಲಿಪಾ, ಮಾವ ಸಪರ್‌ಬಾಯ್, ಮತ್ತೆ ಸಮೋವರಿನ, ಅಂದರೆ ಚಹಾ ಕುದಿಸುವ ಹಂಡೆಯ, ಪಕ್ಕ ತಲೆವಸ್ತ್ರ ಬಿಗಿದುಕೊಂಡು ಚಹಾ ಸುರಿಯುತ್ತ ಕೂತ ಬುರುಲ್.

ಹಗಲಿಗೆ ಅವಳಿಗೆ ಜಲಮಾಪನ ಕಚೇರಿಯ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯಸ್ಥ ತೊಲೊಗೊನ್, ಎಲ್ಲರ ಬಾಯಲ್ಲಿ ತೊಲೊಗೊನ್ ಬೈಕೆ, ಅಂದರೆ ಅಣ್ಣ. ಹೊಟ್ಟೆ ದೊಡ್ಡದು, ಮನಸ್ಸೂ ದೊಡ್ಡದು, ತಾಳ್ಮೆ ಮಾತ್ರ ಚಿಕ್ಕದು. ಮೇಲಿನ ಕಣಿವೆಗಳಲ್ಲಿ ಕೂತ ಪೋಸ್ಟಿನವರು ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ನದಿಯ ಮಟ್ಟ ಹೇಳುತ್ತಿದ್ದರು. ಕಚೇರಿಯಲ್ಲಿ ಒಬ್ಬರು ಅದನ್ನು ಹಾಳೆಯ ಮೇಲೆ ಗೀಚುತ್ತಿದ್ದರು, ಇನ್ನೊಬ್ಬರು ಕಂಪ್ಯೂಟರಿಗೆ ಹಾಕುತ್ತಿದ್ದರು, ನಡುವೆ ಎಲ್ಲೋ ಅಂಕಿಗಳು ಅದಲುಬದಲಾಗಿ ಬಿಶ್ಕೆಕ್‌ನಿಂದ ಬೈಗುಳ ಬರುತ್ತಿತ್ತು. “ನೀನು ಓದಿರೋದು ಇದೇ ತಾನೆ, ಏನಾದ್ರೂ ಮಾಡು ತಂಗಿ. ಬೈಸ್ಕೊಂಡು ಬೈಸ್ಕೊಂಡು ನನ್ನ ಕಿವಿ ಜಡ್ಡುಗಟ್ಟಿದೆ” ಎಂದ ತೊಲೊಗೊನ್.

ಇಂಥ ಕಮಾಂಡುಗಳನ್ನು ಕಟ್ಟಲೆಂದೇ ಯಾರೋ ಪುಣ್ಯಾತ್ಮರು ಬರೆದು ಹಂಚಿದ್ದ ಸಿದ್ಧ ಕೋಡಿನ ಲೈಬ್ರರಿಯೊಂದು ಬುರುಲ್‌ಗೆ ಗೊತ್ತಿತ್ತು. ಹೆಸರು ಕ್ಲಿಕ್, ಆದರೆ ಮೌಸಿಗೂ ಅದಕ್ಕೂ ಎಣ್ಣೆ-ಸೀಗೆಕಾಯಿ. ಪೈಥಾನಿನಲ್ಲಿ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, ಬರೆದು, ಅದರ ನೆತ್ತಿಯ ಮೇಲೆ @ ಗುರುತಿನ ಒಂದು ಸಾಲು ಕೂರಿಸಿದರೆ ಫಂಕ್ಷನ್ ಹೋಗಿ ಕಮಾಂಡ್ ಆಗುತ್ತಿತ್ತು. ಇನ್ನೊಂದು ಸಾಲು ಕೂರಿಸಿದರೆ ಅದು ಪ್ರಶ್ನೆ ಕೇಳಲು ಕಲಿಯುತ್ತಿತ್ತು. ಉತ್ತರ ಅಂಕಿಯೇ ಆಗಿರಬೇಕೆಂದು ಹೇಳಿಟ್ಟರೆ ಅದನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಫಂಕ್ಷನಿನ ಒಳಗೆ ನಾಲ್ಕು ಮಾತು ಬರೆದಿಟ್ಟರೆ, ಯಾರಾದರೂ ಸಹಾಯ ಕೇಳಿದಾಗ ಅದನ್ನೇ ಅಚ್ಚುಕಟ್ಟಾಗಿ ಓದಿ ಹೇಳುತ್ತಿತ್ತು. ಸಾಯಂಕಾಲ ಕತ್ತಲಾಗುವ ಮೊದಲು ಒಂದು ಕಮಾಂಡ್ ಎದ್ದು ನಿಲ್ಲುತ್ತಿತ್ತು. ಆ ಖುಷಿ ಬುರುಲ್‌ಗೆ ಈಗಿನ ಯಾವ ನಕ್ಷೆಯಲ್ಲೂ ಸಿಕ್ಕಿಲ್ಲ.

ತೊಲೊಗೊನ್ ಪರೀಕ್ಷೆ ಮಾಡಲು ಕೂತ. ‘ನೀರಿನ ಮಟ್ಟ?’ ಎಂದು ಅದು ಕೇಳಿದ್ದಕ್ಕೆ ‘ಮೊಣಕಾಲುದ್ದ’ ಎಂದು ಟೈಪಿಸಿದ. ಇದು ಅಂಕಿಯಲ್ಲ ಎಂದು ಹೇಳಿ ಅದು ಮತ್ತೆ ಅದೇ ಪ್ರಶ್ನೆ ಕೇಳಿತು. ‘ಬೇಕಾದಷ್ಟಿದೆ’ ಎಂದ. ಮತ್ತೆ ಅದೇ ಪ್ರಶ್ನೆ.

“ಎಲಾ ಇದರ,” ಎಂದು ಅವನು ಕುರ್ಚಿಗೆ ಒರಗಿದ, “ನನ್ನ ಹೆಂಡತಿನೂ ಹೀಗೇ. ಉತ್ತರ ಕೊಡೋವರೆಗೂ ಬಿಡಲ್ಲ.”

“ಬೈಯೋದಿಲ್ಲವಲ್ಲ, ಬೈಕೆ” ಎಂದಳು ಬುರುಲ್.

“ಹೂಂ, ಅದೊಂದು ವಾಸಿ.”

ತೊಡಕು ಬಂದದ್ದು ಹೆಸರಿನಲ್ಲಿ. ಪೋಸ್ಟುಗಳಿಗೆ ಸರ್ಕಾರಿ ನಂಬರುಗಳಿದ್ದವು, ಆದರೆ ಅವನ್ನು ಯಾರೂ ಬಳಸುತ್ತಿರಲಿಲ್ಲ. ಅಲ್ಲಿ ಕಾವಲಿದ್ದವರ ಹೆಸರೇ ಪೋಸ್ಟಿನ ಹೆಸರು. ಕಚೇರಿಯಲ್ಲಿ ‘ಇವತ್ತು ಎಸೆನ್ ಏರಿದ್ದಾನೆ, ಮಂಬೆತ್ ಇಳಿದಿದ್ದಾನೆ’ ಎಂದರೆ ಆಯಾ ನದಿ ಏರಿದೆ, ಇಳಿದಿದೆ ಎಂದರ್ಥ. ಹಾಗಾಗಿ ಫಂಕ್ಷನಿಗೆ ಎಸೆನ್ ಎಂದು ಹೆಸರಿಟ್ಟರೆ ಕಮಾಂಡ್ ಎಸೆನ್, ಮಂಬೆತ್ ಎಂದಿಟ್ಟರೆ ಮಂಬೆತ್. ಸರಾಗವಾಗಿ ಬರೆಯುತ್ತ ಬಂದ ಬುರುಲ್ ಕೊನೆಯ ಪೋಸ್ಟಿಗೆ ಬಂದು ನಿಂತುಬಿಟ್ಟಳು. ಊರಿನಿಂದ ಕುದುರೆಯ ಮೇಲೆ ಒಂದು ಗಳಿಗೆಯ ದಾರಿಯಲ್ಲಿದ್ದ ಆ ಪೋಸ್ಟಿನ ಕಾವಲುಗಾರ ಅವಳ ಮಾವ.

ಸೊಸೆಯಾದವಳು ಮಾವನ ಹೆಸರನ್ನು ಬಾಯಿಗೆ ತರುವಂತಿಲ್ಲ. ಹೆಸರೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು, ಆ ಹೆಸರಿನೊಳಗಿನ ಮಾತನ್ನೂ ಬಿಡಬೇಕು. ಸಪರ್ ಎಂದರೆ ಪ್ರಯಾಣ. ಮೆದೆರ್ ಹೊರಡುವಾಗ ಎಲ್ಲ ಹೆಂಡಂದಿರಂತೆ ‘ಪ್ರಯಾಣ ಸುಖವಾಗಿರಲಿ’ ಎನ್ನಲಾಗದೆ ಅವಳು ‘ದಾರಿ ಚೆನ್ನಾಗಿರಲಿ’ ಎಂದು ಸುತ್ತಿ ಬಳಸಿ ಹೇಳುತ್ತಿದ್ದಳು. ಈಗ ಫಂಕ್ಷನಿಗೆ ಏನೆಂದು ಹೆಸರಿಡುವುದು? ಟೈಪಿಸುವುದು ಬಾಯಿಗೆ ತಂದಂತೆ ಆಗುತ್ತದೋ ಇಲ್ಲವೋ, ಹಿರಿಯರು ಯಾರೂ ಹೇಳಿರಲಿಲ್ಲ. ಪೈಥಾನಿನ ಪುಸ್ತಕಗಳಲ್ಲಂತೂ ಇರಲಿಲ್ಲ. ಒಂದಕ್ಷರ ಒತ್ತಿದಳು, ಅಳಿಸಿದಳು. ಕೋಣೆಯಲ್ಲಿ ಅತ್ತೆ ಇರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ಕೊನೆಗೆ, ಮಾವ ದಿನಾ ಏರಿ ಹೋಗುತ್ತಿದ್ದ ಕುದುರೆಯನ್ನು ನೆನೆದು, ‘ಅಕ್‌ಬೋಜ್’ ಎಂದು ಟೈಪಿಸಿದಳು. ಬಿಳಿಕುದುರೆ.

ಮರುದಿನ ಕಚೇರಿಯವರು ‘ಸೂ ಸಪರ್‌ಬಾಯ್’ ಎಂದು ಟೈಪಿಸಿದರು. ಅಂಥ ಕಮಾಂಡ್ ಇಲ್ಲ ಎಂದಿತು ಲೈಬ್ರರಿ. ಮತ್ತೊಮ್ಮೆ ಟೈಪಿಸಿದರು. ಇಲ್ಲವೆಂದರೆ ಇಲ್ಲ. ತೊಲೊಗೊನ್ ಸಹಾಯದ ಪುಟ ತೆರೆದು ಒಂದೊಂದೇ ಹೆಸರು ಓದುತ್ತ ಬಂದ.

“ಇದೇನಮ್ಮ ಇದು. ಎಲ್ಲಾ ಕಡೆ ಮನುಷ್ಯರು, ಇಲ್ಲೊಂದು ಕಡೆ ಕುದುರೆ?”

ಬುರುಲ್ ನೆಲ ನೋಡಿದಳು. ಅವನಿಗೆ ತಟ್ಟನೆ ಹೊಳೆಯಿತು. ಹೊಟ್ಟೆ ಕುಲುಕಿಸಿ ನಕ್ಕ.

“ಅಯ್ಯೋ ನಮ್ಮ ಸೊಸೆಯೇ. ಸರಿ, ಇರಲಿ. ಕುದುರೆಗೆ ಗೊತ್ತಾದ್ರೆ ಸಂಬಳ ಕೇಳೀತು, ನೋಡ್ಕೋ.”

ಅಂದಿನಿಂದ ಕಚೇರಿಯವರೆಲ್ಲರ ಬಾಯಲ್ಲಿ ಆ ಪೋಸ್ಟು ಬಿಳಿಕುದುರೆ.

ಮನೆಯ ಮಾತು ಹೇಳಲೇಬೇಕು. ಅಲ್ಲಿ ಮಾವನಿಗೂ ಸೊಸೆಗೂ ನೇರ ಮಾತಿರಲಿಲ್ಲ. ಜಗಳವೇನೂ ಇಲ್ಲ, ಅದೇ ಮರ್ಯಾದೆ. ಬಾಗಿ ನಮಸ್ಕರಿಸಬಹುದು, ಬಟ್ಟಲಲ್ಲಿ ಚಹಾ ಕೊಡಬಹುದು, ಬೆನ್ನು ತಿರುಗಿಸದೆ ಹಿಂದೆ ಸರಿಯಬಹುದು. ಮಾತೇನಿದ್ದರೂ ಅತ್ತೆಯ ಮೂಲಕ. ಮೂವರೂ ನೆಲಕ್ಕೆ ಹಾಸಿದ ಒಂದೇ ಮೇಜುಬಟ್ಟೆಯ ಸುತ್ತ ಕೂತಿರುತ್ತಿದ್ದರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

“ಸೊಸೆಗೆ ಕೇಳು, ಅವಳ ಊರಲ್ಲೂ ಇಷ್ಟೇ ಚಳಿನಾ ಅಂತ” ಎನ್ನುತ್ತಿದ್ದ ಸಪರ್‌ಬಾಯ್.

“ಅವಳಿಗೆ ಕಿವಿ ಇದೆ. ಇಷ್ಟೇ ಚಳಿನೇನೇ?” ಎನ್ನುತ್ತಿದ್ದಳು ಕುಲಿಪಾ.

ಬುರುಲ್ ಅತ್ತೆಯ ಕಿವಿಯಲ್ಲಿ ಉಸುರುತ್ತಿದ್ದಳು.

“ಇದಕ್ಕಿಂತ ಕಮ್ಮಿಯಂತೆ. ಇನ್ನು ಏನಾದ್ರೂ ಇದ್ರೆ ಚೀಟಿ ಬರ್ಕೊಳ್ಳಿ ನೀವಿಬ್ರೂ. ನಾನೇನು ಅಂಚೆಯವಳಾ? ಕರಿದ ಬೋರ್ಸೋಕ್ ತಣ್ಣಗಾಗ್ತಿದೆ.”

ಬುರುಲ್‌ಳ ತಂದೆ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದ. ಅವನ ದನಿ ಅವಳಿಗೆ ನೆನಪಿರಲಿಲ್ಲ. ಮದುವೆಯಾದರೆ ಮನೆಯಲ್ಲಿ ತಂದೆಯೊಬ್ಬ ಇರುತ್ತಾನೆ ಎಂದು ಒಳಗೊಳಗೇ ಆಸೆಪಟ್ಟು ಬಂದವಳಿಗೆ ಈ ಮೌನ ಒಗ್ಗಿರಲಿಲ್ಲ. ಯಾರಿಗೆ ಹೇಳುವುದು?

ಪ್ರೋಗ್ರಾಂ ಕೆಲಸ ಶುರುಮಾಡಿದ ಮೊದಲ ಬೆಳಿಗ್ಗೆ ಎಂಟಕ್ಕೆ ಬಿಳಿಕುದುರೆಯ ಫೋನು ಬಂತು. ಎತ್ತಿದವಳು ಬುರುಲ್. ಎಂಟು ಗಂಟೆಯ ಕೆಲಸ ಅವಳದೇ ಎಂದು ತೊಲೊಗೊನ್ ನಿರ್ಧರಿಸಿಬಿಟ್ಟಿದ್ದ. ಗುಡ್ಡದ ಗುಡಿಸಲಿನಿಂದ ಬರುವ ತಂತಿಯ ಗೊರಗೊರ ಸದ್ದಿನ ನಡುವೆ ಮಾವನ ದನಿ ಕೇಳಿತು.

“ಕಚೇರಿನಾ?”

ಉತ್ತರ ಕೊಡದಿದ್ದರೆ ಕೆಲಸ ಕೆಟ್ಟಿತು, ಕೊಟ್ಟರೆ ಮರ್ಯಾದೆ ಕೆಟ್ಟಿತು. ಪರದೆಯ ಮೇಲೆ ‘ನೀರಿನ ಮಟ್ಟ?’ ಎಂದು ಮೂಡಿತ್ತು. ಅವಳು ಅದನ್ನು ಇದ್ದದ್ದು ಇದ್ದಹಾಗೆ ಓದಿದಳು.

“ನೀರಿನ ಮಟ್ಟ?”

ಸಪರ್‌ಬಾಯ್ ಅಂಕಿ ಹೇಳಿದ. ಅವಳು ಟೈಪಿಸಿದಳು.

“ನೀರಿನ ತಾಪ?”

ಅದನ್ನೂ ಹೇಳಿದ. ಮೂರನೆಯ ಪ್ರಶ್ನೆಯನ್ನು ಅವಳು ತೊಲೊಗೊನ್ ಕೇಳದಿದ್ದರೂ ತಾನಾಗಿ ಸೇರಿಸಿದ್ದಳು. ಹಿಮ ಕುಸಿದಿದ್ದರೆ, ಮರ ಅಡ್ಡ ಬಿದ್ದಿದ್ದರೆ, ಅಳತೆಗೋಲು ಮುರಿದಿದ್ದರೆ ಹೇಳಲಿ ಎಂದು. ಖಾಲಿ ಬಿಟ್ಟರೂ ನಡೆಯುತ್ತಿತ್ತು.

“ಬೇರೇನಾದರೂ?”

“ಇಲ್ಲ” ಎಂದ ಮಾವ. ಆಮೇಲೆ, ಫೋನ್ ಇಡುವ ಮುಂಚೆ, “ದನಿ ಚೆನ್ನಾಗಿ ಕೇಳಿಸ್ತಿದೆ” ಎಂದ.

ಆ ಸಂಜೆ ಮೇಜುಬಟ್ಟೆಯ ಸುತ್ತ ಎಂದಿನಂತೆ ಅತ್ತೆಯ ಅಂಚೆ ನಡೆಯಿತು. ಬೆಳಗಿನ ಮಾತನ್ನು ಯಾರೂ ಎತ್ತಲಿಲ್ಲ. ಅದು ಕಚೇರಿಯ ಮಾತು. ಕಚೇರಿಯಲ್ಲಿ ಮಾವನೂ ಇಲ್ಲ, ಸೊಸೆಯೂ ಇಲ್ಲ, ಒಂದು ಪೋಸ್ಟು, ಒಂದು ಕಮಾಂಡ್. ಹಾಗೆಂದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡರು.

ಆಮೇಲೆ ಮೂರನೆಯ ಪ್ರಶ್ನೆಗೆ ಉತ್ತರ ದಿನದಿನಕ್ಕೂ ಉದ್ದವಾಗುತ್ತ ಹೋಯಿತು. ಮೊದಮೊದಲು ಹವಾಮಾನ, ಆಮೇಲೆ ಕುದುರೆಯ ಗೊರಸು, ಆಮೇಲೆ ದಡದಲ್ಲಿ ಕಂಡ ನರಿಯ ಹೆಜ್ಜೆ. ಅವನ ಅಜ್ಜ ಇದೇ ನದಿಯನ್ನು ಕುರಿಹಿಂಡಿನೊಂದಿಗೆ ದಾಟುವಾಗ ಒಂದು ಟಗರು ಅವನ ಹೆಗಲೇರಿ ಕೂತು ಆಚೆ ದಡ ಸೇರಿದ ಕತೆಯನ್ನು ಕಂತುಕಂತಾಗಿ ಹೇಳಿದ. ಬುರುಲ್ ತಲಾಸ್‌ನ ಹುರುಳಿಕಾಯಿ ಹೊಲಗಳ ಮಾತಾಡಿದಳು, ತನ್ನ ತಂದೆಯ ದನಿ ನೆನಪಿಲ್ಲವೆಂದೂ ಒಂದು ದಿನ ಹೇಳಿಬಿಟ್ಟಳು. ‘ಆತಾ’ ಎಂದು, ಅಪ್ಪಾ ಎಂದು ಕರೆಯಲು ಫೋನಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಕರ್ಸರ್ ಮಿಣುಕುತ್ತ ಕಾಯುತ್ತಿತ್ತು. ಅದಕ್ಕೇನು ಅವಸರ?

ಒಂದು ಸಂಜೆ ಅವಳು ಬೋರ್ಸೋಕಿಗೆಂದು ಹಿಟ್ಟಿನ ತುಂಡುಗಳನ್ನು ಕರಿಯುತ್ತ ಮೈಮರೆತು, ಎಣ್ಣೆ ಹೊಗೆಯಾಡಿ ಅವು ಕಪ್ಪಗೆ ಸೀಯುವಂತೆ ಮಾಡಿದ್ದಳು. ಕುಲಿಪಾ ಬಂದ ನೆಂಟರೆದುರೇ ಹಂಗಿಸಿದಳು. “ಕಂಪ್ಯೂಟರ್ ಕಲಿತವಳ ಕೈಯಡುಗೆ, ತಿನ್ನಿ. ಒಲೆಗೆ ಹಾಕಿದ್ರೂ ಉರಿಯುತ್ತೆ.” ಬುರುಲ್ ಆ ರಾತ್ರಿ ದಿಂಬು ಒದ್ದೆ ಮಾಡಿದಳು. ಮರುದಿನ ಎಂಟಕ್ಕೆ ಮಾವ ಮಟ್ಟ ಹೇಳಿದ, ತಾಪ ಹೇಳಿದ.

“ಬೇರೇನಾದರೂ, ಆತಾ?”

“ನಿನ್ನೆ ಬೋರ್ಸೋಕ್ ಚೆನ್ನಾಗಿತ್ತು ಮಗಳೇ. ಕಪ್ಪಗಾಗಿದ್ರೆ ನಂಗಿಷ್ಟ. ನನ್ನ ಅಮ್ಮ ಹಾಗೇ ಮಾಡ್ತಿದ್ಲು.” ಜೊತೆಗೇ ಹೇಳಿದ, “ಇದನ್ನ ಬರ್ಕೋಬೇಡ. ಬಿಶ್ಕೆಕ್‌ನವರು ಓದ್ತಾರೆ.”

ಹೀಗೆ ನಾಲ್ಕೈದು ಚಳಿಗಾಲ ಕಳೆದವು. ಬುರುಲ್‌ಗೆ ನರೀನ್ ತನ್ನ ಊರು ಅನಿಸಿದ್ದು ಆ ಬೆಳಗುಗಳಿಂದ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮನೆಯಲ್ಲಿ ದೊರೆಯದ ತಂದೆ ಅವಳಿಗೆ ಕಪ್ಪು ಪರದೆಯ ಮೂರನೆಯ ಸಾಲಿನಲ್ಲಿ ದೊರೆತಿದ್ದ.

ಆಮೇಲೆ ಸೆನ್ಸರುಗಳು ಬಂದವು. ನದಿಯಲ್ಲಿ ಒಂದು ಕೊಳವೆ, ದಡದಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯ ತಲೆಯ ಮೇಲೆ ಸೌರಫಲಕ. ಮಟ್ಟವನ್ನೂ ತಾಪವನ್ನೂ ಅದೇ ಕಳಿಸುತ್ತದೆ. ಪೋಸ್ಟಿನ ಕಾವಲುಗಾರರಿಗೆ ನಿವೃತ್ತಿ. ಸಪರ್‌ಬಾಯ್‌ಗೆ ಶಾಲು ಹೊದೆಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತಿಗೆ ಸರಿಯಾಗಿ ಏಳಬೇಕಾಗಿಲ್ಲದವನಿಗೆ ಗಡಿಯಾರ ಕೊಡುವ ಜಾಣತನ ಕಚೇರಿಗಳಿಗೆ ಮಾತ್ರ ಬರುತ್ತದೆ.

“ಪ್ರೋಗ್ರಾಮಲ್ಲಿ ಮನುಷ್ಯರನ್ನ ಕೇಳೋದೆಲ್ಲ ತೆಗೆದುಬಿಡು. ಬೆಳಿಗ್ಗೆ ಎಂಟಕ್ಕೆ ತಾನಾಗೇ ಓಡಬೇಕು, ತಾನಾಗೇ ಬಿಶ್ಕೆಕ್‌ಗೆ ಹೋಗ್ಬೇಕು” ಎಂದು ತೊಲೊಗೊನ್ ಹೇಳಿದ.

ಮೊದಲ ಎರಡು ಪ್ರಶ್ನೆಗಳಿಗೆ ಅವಳು ಕೈ ಹಚ್ಚುವ ಅಗತ್ಯವೇ ಬೀಳಲಿಲ್ಲ. ಆ ಲೈಬ್ರರಿಯ ಗುಣವೇ ಹಾಗೆ. ಉತ್ತರವನ್ನು ಮೊದಲೇ ಕಮಾಂಡಿನ ಜೊತೆಗೆ ಕೊಟ್ಟುಬಿಟ್ಟರೆ ಅದು ಪ್ರಶ್ನೆ ಕೇಳುವುದಿಲ್ಲ. ಸೆನ್ಸರ್ ಅಂಕಿಗಳನ್ನು ತಂದು ಕೊಟ್ಟಿತು, ಪ್ರಶ್ನೆಗಳು ತಾವಾಗಿ ಮೌನವಾದವು. ಬೇರೆ ಪೋಸ್ಟುಗಳ ಮೂರನೆಯ ಪ್ರಶ್ನೆಯನ್ನು ಅವಳು ಅಳಿಸಿದಳು. ಬಿಳಿಕುದುರೆಯದನ್ನು ಬಿಟ್ಟಳು. ಖಾಲಿ ಉತ್ತರ ನಡೆಯುತ್ತದೆಂದು ಬರೆದಿದ್ದೇನಲ್ಲ, ತೊಂದರೆಯೇನು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಖಾಲಿ ಉತ್ತರ ನಡೆದರೂ ಪ್ರಶ್ನೆ ಕೇಳದೆ ಅದು ಮುಂದೆ ಹೋಗದು, ಯಾರಾದರೂ ಎಂಟರ್ ಒತ್ತಲೇಬೇಕು. ಇದು ಅವಳಿಗೆ ಗೊತ್ತಿರಲಿಲ್ಲವೇ? ಬರೆದವಳೇ ಅವಳು. ಹೆಚ್ಚು ಕೆದಕುವುದು ಬೇಡ.

ಎಂಟಕ್ಕೆ ಮುಂಚೆಯೇ ಅವಳು ಕಚೇರಿಯಲ್ಲಿರುತ್ತಿದ್ದಳು. ಕಪ್ಪು ಕಿಟಕಿ ತಾನಾಗಿ ತೆರೆಯುತ್ತಿತ್ತು. ಎಸೆನ್ ಸರಸರನೆ ಹೋಗುತ್ತಿದ್ದ, ಮಂಬೆತ್ ಹೋಗುತ್ತಿದ್ದ, ಆಮೇಲೆ ಬಿಳಿಕುದುರೆಯ ಸರದಿಗೆ ‘ಬೇರೇನಾದರೂ?’ ಎಂದು ಕೇಳಿ ಕರ್ಸರ್ ನಿಲ್ಲುತ್ತಿತ್ತು. ಬುರುಲ್ ಸದ್ದಿಲ್ಲದ ಫೋನನ್ನು ಒಮ್ಮೆ ನೋಡಿ ಎಂಟರ್ ಒತ್ತುತ್ತಿದ್ದಳು. ಭಾನುವಾರಗಳಲ್ಲೂ ಏನಾದರೊಂದು ನೆಪ ಹೇಳಿ ಹೋಗಿಬರುತ್ತಿದ್ದಳು.

ಮನೆಯಲ್ಲಿ ಮಾವ ಸೊರಗುತ್ತಿದ್ದ. ಕುದುರೆಗೆ ಹುಲ್ಲು ಹಾಕಿ ಬಂದು ಕಿಟಕಿಯ ಹತ್ತಿರ ಕೂತರೆ ಕೂತೇಬಿಟ್ಟ. ಅತ್ತೆಯ ಅಂಚೆಗೂ ಈಗ ಕೆಲಸ ಕಡಿಮೆ. “ಸೊಸೆಗೆ ಹೇಳು” ಎಂದು ಶುರುಮಾಡಿ “ಏನಿಲ್ಲ ಬಿಡು” ಎಂದು ನಿಲ್ಲಿಸುತ್ತಿದ್ದ. ಎದುರಿಗೇ ಕೂತ ಮನುಷ್ಯ ದಿನದಿನಕ್ಕೆ ದೂರವಾಗುತ್ತಿರುವುದನ್ನು ಬುರುಲ್ ಚಹಾ ಸುರಿಯುತ್ತ ನೋಡಬೇಕಾಯಿತು. ಹೀಗೇ ಬಿಟ್ಟರೆ ಈ ತಂದೆಯ ದನಿಯೂ ನನಗೆ ಮರೆತುಹೋಗುತ್ತದೆ ಎಂಬ ಭಯ ಅವಳನ್ನು ಹಿಂಡುತ್ತಿತ್ತು.

ವಸಂತದ ಹೊಸವರ್ಷದ ಹಬ್ಬ ನೋರೂಜ್ ಬಂತು. ಆ ದಿನ ಯಾವ ಸೊಸೆ ಮನೆಬಿಟ್ಟು ಹೊರಡಲು ಸಾಧ್ಯ? ಬೆಳಗಾಗುತ್ತಿದ್ದಂತೆ ಅಕ್ಕಪಕ್ಕದವರು ಸುಮೊಲೊಕ್ ಪಾಯಸದ ಪಾತ್ರೆ ಹಿಡಿದು ಬರತೊಡಗಿದರು. ಸಮೋವರಿನ ಪಕ್ಕದಿಂದ ಬುರುಲ್‌ಗೆ ಏಳಲು ಬಿಡುವಿಲ್ಲ. ನಿವೃತ್ತಿಯ ಗಡಿಯಾರ ಗೋಡೆಯ ಮೇಲಿಂದ ಎಂಟು ಹೊಡೆಯಿತು. ಅವಳ ಕೈಯಲ್ಲಿದ್ದ ಬಟ್ಟಲಿನಿಂದ ಚಹಾ ತುಳುಕಿತು.

“ಎಲ್ಲಿದೆ ನಿನ್ನ ಜ್ಞಾನ?” ಎಂದಳು ಕುಲಿಪಾ.

ನೆಂಟರು ಅರ್ಧ ಊಟದಲ್ಲಿದ್ದಾಗ ತೊಲೊಗೊನ್ ಬಾಗಿಲಲ್ಲಿ ಕಾಣಿಸಿಕೊಂಡ. ಹಬ್ಬದ ಟೋಪಿ ತಲೆಯ ಮೇಲೆ, ಮುಖ ಮಾತ್ರ ಬೀಟ್‌ರೂಟು. ಹಿರಿಯರಿಗೆ ಹಬ್ಬದ ಶುಭ ಹೇಳಿ, ಮೇಜುಬಟ್ಟೆಯ ತುದಿಯಲ್ಲಿ ಕೂತು ಒಂದು ತುಂಡು ರೊಟ್ಟಿ ಮುರಿದು ಬಾಯಿಗಿಟ್ಟ. ಅಷ್ಟರಮಟ್ಟಿಗೆ ಮರ್ಯಾದೆ ಪಾಲಿಸಿ ಆಮೇಲೆ ಶುರುಮಾಡಿದ.

“ಬಿಶ್ಕೆಕ್‌ನವರು ನನ್ನನ್ನ ಹಬ್ಬದ ಊಟದಿಂದ ಎಬ್ಬಿಸಿದ್ರು ತಂಗಿ. ಹಿಮ ಕರಗೋ ಕಾಲ, ನರೀನ್‌ನಿಂದ ವರದಿನೇ ಇಲ್ಲ ಅಂತ. ಹೋಗಿ ನೋಡ್ತೀನಿ, ನಿನ್ನ ಪ್ರೋಗ್ರಾಂ ‘ಬೇರೇನಾದರೂ?’ ಅಂತ ಕೇಳ್ಕೊಂಡು ಬೆಳಿಗ್ಗೆಯಿಂದ ಕೂತಿದೆ. ಖಾಲಿ ಕೋಣೇಲಿ. ಅಲ್ಲಮ್ಮ, ಕೇಳೋದೆಲ್ಲ ತೆಗಿ ಅಂದಿದ್ನಲ್ಲ. ಯಾರ ಉತ್ತರಕ್ಕೆ ಕಾಯ್ತಿದೆ ಅದು?”

ಮೇಲ್ಗಡೆ, ಹಿರಿಯರ ಜಾಗದಿಂದ, ಸಪರ್‌ಬಾಯ್ ಮೆಲ್ಲಗೆ ಹೆಂಡತಿಗೆ ಹೇಳಿದ.

“ತೊಲೊಗೊನ್‌ನ ಕೇಳು, ಯಾವ ಪೋಸ್ಟಿನವರನ್ನ ಕೇಳ್ತಿತ್ತಂತೆ?”

“ಅವನು ನಿಮ್ಮ ಸೊಸೆಯಲ್ಲ, ನೀವೇ ಕೇಳಿ” ಎಂದಳು ಕುಲಿಪಾ.

ತೊಲೊಗೊನ್ ಟೋಪಿ ಸರಿಮಾಡಿಕೊಂಡ. “ಬಿಳಿಕುದುರೆಯವರನ್ನ, ಆತಾ. ಅಂದ್ರೆ ನಿಮ್ಮನ್ನ. ನಿಮ್ಮ ಹೆಸರು ಟೈಪಿಸೋಕೂ ನಾಚ್ಕೊಂಡು ನಿಮ್ಮ ಸೊಸೆ ಅದರಲ್ಲಿ ಕುದುರೆ ಹೆಸರಿಟ್ಟಿದ್ದಾಳೆ. ಬೇರೆ ಎಲ್ಲರ ಪ್ರಶ್ನೆನೂ ಅಳಿಸಿದ್ದಾಳೆ, ನಿಮ್ಮದೊಂದು ಬಿಟ್ಟು.”

ನೆಂಟರು ನಕ್ಕರು. ಸಪರ್‌ಬಾಯ್ ನಗಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತ ಕೂತ.

ಕಚೇರಿಗೆ ಹೋಗಿ ಬುರುಲ್ ಎಂಟರ್ ಒತ್ತಿದಳು. ತಡವಾದ ವರದಿ ಬಿಶ್ಕೆಕ್‌ಗೆ ಹೋಯಿತು. ಆಮೇಲೆ ಕೋಡ್ ತೆರೆದು, ಬಿಳಿಕುದುರೆಯ ಫಂಕ್ಷನಿನ ನೆತ್ತಿಯ ಮೇಲಿದ್ದ ಆ ಒಂದು ಸಾಲನ್ನು ಅಳಿಸಿದಳು. ಅಳಿಸುವಾಗ ಕಣ್ಣು ಮಂಜಾಗಿ ಪಕ್ಕದ ಸಾಲನ್ನೂ ಸೇರಿಸಿ ಅಳಿಸಿಬಿಟ್ಟು, ಅದನ್ನು ಮತ್ತೆ ಬರೆಯಬೇಕಾಯಿತು. ಹಿಂದೆ ನಿಂತಿದ್ದ ತೊಲೊಗೊನ್‌ನ ಕೋಪ ಅಷ್ಟು ಹೊತ್ತಿಗೆ ಇಳಿದಿತ್ತು.

“ನನ್ನ ಕೈಲಿದ್ರೆ ಇರಲಿ ಬಿಡು ಅಂತಿದ್ದೆ, ತಂಗಿ. ಆದ್ರೆ ಬಿಶ್ಕೆಕ್‌ನವರಿಗೆ ಏನಂತ ಹೇಳೋದು? ಪ್ರೋಗ್ರಾಂ ಮಾವನ ಹತ್ರ ಮಾತಾಡ್ಬೇಕಂತೆ ಅನ್ನೋದಾ?”

“ಬೇಡ ಬೈಕೆ. ತೆಗೆದಾಯ್ತಲ್ಲ” ಎಂದಳು ಬುರುಲ್.

ಮನೆಗೆ ಬರುವಷ್ಟರಲ್ಲಿ ನೆಂಟರು ಚದುರಿದ್ದರು. ಇಳಿಬಿಸಿಲು ಮೇಜುಬಟ್ಟೆಯ ಮೇಲೆ ಬಿದ್ದಿತ್ತು. ಅತ್ತೆ ಉಳಿದ ಬೋರ್ಸೋಕ್‌ಗಳನ್ನು ಒಟ್ಟುಮಾಡುತ್ತಿದ್ದಳು, ಮಾವ ಕಿಟಕಿಯ ಹತ್ತಿರ. ಬುರುಲ್ ಸಮೋವರಿನ ಪಕ್ಕ ತನ್ನ ಜಾಗದಲ್ಲಿ ಕೂತು ಚಹಾ ಸುರಿದಳು. ಬಟ್ಟಲು ತುಂಬಿಸಲಿಲ್ಲ, ಹಿರಿಯರು ಮತ್ತೆ ಮತ್ತೆ ಕೇಳುವಂತೆ ಸ್ವಲ್ಪವೇ ಹಾಕಿ, ಬಾಗಿ, ಮಾವನ ಮುಂದೆ ಹಿಡಿದಳು. ಅವನು ತೆಗೆದುಕೊಂಡ. ಅವಳು ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ. ಬೆಳಿಗ್ಗೆ ಎಂಟರ ದನಿಯಲ್ಲಿ, ಕಚೇರಿಯ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

“ನೀರಿನ ಮಟ್ಟ?”

ಕುಲಿಪಾಳ ಕೈ ಬೋರ್ಸೋಕ್ ತಟ್ಟೆಯ ಮೇಲೆ ನಿಂತುಬಿಟ್ಟಿತು. ಸಪರ್‌ಬಾಯ್ ಬಟ್ಟಲು ಕೆಳಗಿಟ್ಟು ಸೊಸೆಯನ್ನು ನೋಡಿದ. ಇಷ್ಟು ವರ್ಷಗಳಲ್ಲಿ ಅವನು ಅವಳ ಮುಖವನ್ನು ಹೀಗೆ ಎದುರಿಗೆ ನೋಡಿದ್ದು ಅದೇ ಮೊದಲು. ಆಮೇಲೆ ಅಂಕಿ ಹೇಳಿದ. ತಡವರಿಸದೆ ಹೇಳಿದ. ಕೆಲಸ ಹೋದ ಮೇಲೂ ಅವನು ಕುದುರೆಗೆ ನೀರು ಕುಡಿಸುವ ನೆಪದಲ್ಲಿ ದಿನಾ ಹೋಗಿ ಅಳತೆಗೋಲು ನೋಡಿಬರುತ್ತಿದ್ದನೆಂದು ಆಗ ತಿಳಿಯಿತು.

“ನೀರಿನ ತಾಪ?”

ಅದನ್ನೂ ಹೇಳಿದ.

“ಬೇರೇನಾದರೂ, ಆತಾ?”

“ಸೊಸೆಗೆ ಹೇಳು” ಎಂದು ಅವನು ರೂಢಿಯಂತೆ ಹೆಂಡತಿಯ ಕಡೆ ತಿರುಗಿದ. ಅಲ್ಲಿಗೇ ನಿಲ್ಲಿಸಿದ. ಮತ್ತೆ ಬುರುಲ್ ಕಡೆಗೇ ತಿರುಗಿದ.

“ಬಿಳಿಕುದುರೆಗೆ ವಯಸ್ಸಾಯ್ತು ಮಗಳೇ. ಆದ್ರೂ ಬೆಳಿಗ್ಗೆ ಎಂಟಾದ್ರೆ ಕಿವಿ ನೆಟ್ಟಗಾಗುತ್ತೆ. ಯಾರೂ ಏನೂ ಕೇಳಲ್ಲ. ಅದೊಂದೇ ಅದಕ್ಕೆ ಬೇಜಾರು.”

ಬುರುಲ್ ಅತ್ತಳು. ಮರ್ಯಾದೆಯೆಲ್ಲ ಮರೆತು, ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಅತ್ತಳು. ಕುಲಿಪಾ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು.

“ಇಷ್ಟು ವರ್ಷ ನನ್ನನ್ನ ಅಂಚೆಯವಳು ಮಾಡಿ, ನನ್ನ ಬೆನ್ನ ಹಿಂದೆ ನೀವಿಬ್ರೂ ದಿನಾ ಮಾತಾಡ್ಕೊಂಡಿದ್ರಾ?” ಎಂದಳು. ಆಮೇಲೆ ತಟ್ಟೆಯಲ್ಲಿದ್ದ ಕಪ್ಪಗಾದ ಬೋರ್ಸೋಕ್ ಒಂದನ್ನು ಆರಿಸಿ ಗಂಡನ ಮುಂದಿಟ್ಟಳು.

ಅಂದಿನಿಂದ ಆ ಮನೆಯಲ್ಲಿ ಬೆಳಗಿನ ಚಹಾದ ಹೊತ್ತಿಗೆ ಮೂರು ಪ್ರಶ್ನೆ ಕೇಳುವುದು ಪದ್ಧತಿಯಾಯಿತು. ಬೇರೆ ಹೊತ್ತಿನಲ್ಲಿ ಎಲ್ಲ ಮರ್ಯಾದೆಯೂ ಮೊದಲಿನಂತೆಯೇ, ಅಂಚೆಯೂ ಅತ್ತೆಯ ಮೂಲಕವೇ. ಹೆಸರನ್ನು ಬುರುಲ್ ಆಗಲೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಹೊಸ ನಕ್ಷೆಯಲ್ಲಿ ಆ ಪೋಸ್ಟಿಗೆ ನಂಬರು ಮಾತ್ರ ಇದೆ. ಕಚೇರಿಯ ಹಳಬರು ಮಾತ್ರ ಪ್ರವಾಹದ ದಿನಗಳಲ್ಲಿ ಪರದೆ ನೋಡಿ ‘ಬಿಳಿಕುದುರೆ ಏರಿದೆ’ ಎನ್ನುತ್ತಾರೆ.

ಮಾವ ತೀರಿಹೋಗಿ ಎರಡು ಚಳಿಗಾಲವಾಯಿತು. ಆಗ, ತೀರಿಕೊಂಡವರಿಗಾಗಿ ಹಾಕುವ ನಲವತ್ತನೆಯ ದಿನದ ಊಟ ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೇ ಸಮೋವರಿನ ಎದುರು ಕೂತಿದ್ದರು. ಮೆದೆರ್ ಮತ್ತೆ ದೊಲೊನ್‌ಗೆ ಹೋಗಿದ್ದ. ಗೋಡೆಯ ಗಡಿಯಾರ ಎಂಟು ಹೊಡೆಯಿತು. ಚಹಾ ಆರುತ್ತಿತ್ತು. ಆಗ ಕುಲಿಪಾ, ಸೆನ್ಸರೆಂದರೇನು ಸೌರಫಲಕವೆಂದರೇನು ಒಂದೂ ಅರಿಯದ ಕುಲಿಪಾ, ಗಂಟಲು ಸರಿಮಾಡಿಕೊಂಡಳು.

“ನೀರಿನ ಮಟ್ಟ?” ಎಂದಳು.

ಬುರುಲ್ ಫೋನಿನಲ್ಲಿ ನೋಡಿ ಹೇಳಿದಳು.

“ನೀರಿನ ತಾಪ?”

ಅದನ್ನೂ ಹೇಳಿದಳು.

“ಬೇರೇನಾದರೂ?”

ಅತ್ತೆ ಅವಸರ ಮಾಡಲಿಲ್ಲ. ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು, ಸೊಸೆಯ ಮುಖವನ್ನೇ ನೋಡುತ್ತ, ಉತ್ತರಕ್ಕಾಗಿ ಕಾಯುತ್ತ ಕೂತಳು.